ಪಟ್ಟಿಯ ಎರಡನೆಯ ಹೆಸರು

"ಗುರುಗಳೇ, ನನ್ನ ಮುಂದೆ ಎರಡು ಕಾಲೇಜುಗಳಿವೆ. ಒಂದು ನಮ್ಮೂರಿನದು. ಇನ್ನೊಂದು ದೂರದ ನಗರದ್ದು. ಅಲ್ಲಿ ಓದಿದವರನ್ನು ದೊಡ್ಡ ದೊಡ್ಡ ಬ್ಯಾಂಕುಗಳು, ಹಣಕಾಸು ಕಂಪನಿಗಳು ಕೊನೆಯ ಪರೀಕ್ಷೆ ಮುಗಿಯುವ ಮೊದಲೇ ಆರಿಸಿಕೊಳ್ಳುತ್ತವೆಯಂತೆ. ನಾನು ಆ ಕ್ಷೇತ್ರದಲ್ಲೇ ಮೇಲೆ ಬರಬೇಕು ಅಂತಿದ್ದೇನೆ. ಯಾವುದಕ್ಕೆ ಸೇರಲಿ?"

ಶಿಷ್ಯೆ ಹೀಗೆ ಕೇಳಿದಾಗ ಗುರುಗಳು ಎದುರಿಗಿದ್ದ ಚಾಪೆ ತೋರಿಸಿದರು. "ಕುಳಿತುಕೋ. ನಿನ್ನ ಹಾಗೆಯೇ ಒಂದು ಕಾಲೇಜಿಗೆ ಆಸೆಪಟ್ಟವಳ ಸಂಗತಿ ಹೇಳುತ್ತೇನೆ," ಎಂದು ಶುರುಮಾಡಿದರು.

ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನೋಡಿಕೊಳ್ಳುವವನೊಬ್ಬನಿದ್ದ. ಗಿರಣಿ ಅವನದಲ್ಲ, ಇನ್ನೊಬ್ಬರದು. ಅವನ ಮಗಳು ಶಶಿಕಲಾ ತಾಲೂಕು ಪಟ್ಟಣದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಒಂದು ದಿನ ವಿದ್ಯಾರ್ಥಿವೇತನದ ಖಾತೆ ತೆರೆಯಲು ಬ್ಯಾಂಕಿಗೆ ಹೋದಳು. ಮ್ಯಾನೇಜರು ಅವಳನ್ನು ಬೆಳಗಿನಿಂದ ಹೊರಗೇ ನಿಲ್ಲಿಸಿದ್ದ. ಮಧ್ಯಾಹ್ನ ಮುಖ್ಯ ಕಚೇರಿಯಿಂದ ತಪಾಸಣೆಗೆಂದು ಒಬ್ಬ ಹೆಂಗಸು ಬಂದಳು. ಮ್ಯಾನೇಜರು ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಆಕೆ ಕನ್ನಡಕ ಏರಿಸಿಕೊಂಡು ಒಂದೊಂದೇ ಕಡತ ತರಿಸಿ ನೋಡಿದಳು. ಅಲ್ಲಿದ್ದ ಗಂಡಸರೆಲ್ಲ ಕೈಕಟ್ಟಿ ನಿಂತಿದ್ದರು.

ಆಕೆ ಹೊರಟಾಗ ಶಶಿಕಲಾ ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು: "ಮೇಡಂ, ನೀವು ಎಲ್ಲಿ ಓದಿದ್ರಿ?"

ಆಕೆ ನಕ್ಕು ಒಂದು ಕಾಲೇಜಿನ ಹೆಸರು ಹೇಳಿ ಕಾರು ಹತ್ತಿದಳು. ಶಶಿಕಲಾ ಆ ಹೆಸರನ್ನು ಅಂಗೈ ಮೇಲೆ ಬರೆದುಕೊಂಡಳು. ಅವತ್ತಿನಿಂದ ಅವಳ ಬಾಯಲ್ಲಿ ಅದೊಂದೇ ಮಾತು.

ಆ ಮಾತನ್ನು ದಿನವೂ ಕೇಳುತ್ತಿದ್ದವಳು ಮಹಾದೇವಿ. ಪಕ್ಕದ ತಾಲೂಕಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರ ಮಗಳು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ, ಇಬ್ಬರ ಬಟ್ಟೆಯೂ ಒಂದೇ ಟ್ರಂಕಿನಲ್ಲಿ. ಮಹಾದೇವಿಗೆ ಬ್ಯಾಂಕಿನ ಆಸೆಯಾಗಲಿ ನಗರದ ಆಸೆಯಾಗಲಿ ಇರಲಿಲ್ಲ. ಮುಂದೇನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ, "ಸಾಲಿ ಕಲಿಸೂದು," ಎನ್ನುತ್ತಿದ್ದಳು. ಲೆಕ್ಕಶಾಸ್ತ್ರ ತಿಳಿಯದ ಹುಡುಗಿಯರೆಲ್ಲ ಸಂಜೆ ಅವಳ ಸುತ್ತ ಕೂಡುತ್ತಿದ್ದರು.

ಆ ಕಾಲೇಜಿಗೆ ಹೋಗಲು ಒಂದು ದಾರಿಯಿತ್ತು. ಒಂದು ಟ್ರಸ್ಟಿನವರು ಪ್ರತಿ ಜಿಲ್ಲೆಯಿಂದ ಒಬ್ಬರನ್ನು ಪರೀಕ್ಷೆಯ ಮೂಲಕ ಆರಿಸಿ ಫೀಸು, ಊಟ, ವಸತಿ ಎಲ್ಲ ನೋಡಿಕೊಳ್ಳುತ್ತಿದ್ದರು. ಪರೀಕ್ಷೆ ಜಿಲ್ಲಾ ಕೇಂದ್ರದಲ್ಲಿ. ಒಬ್ಬಳನ್ನೇ ಅಷ್ಟು ದೂರ ಕಳಿಸುವುದಿಲ್ಲ ಎಂದು ಶಶಿಕಲಾಳ ತಂದೆ ಹಟ ಹಿಡಿದ.

"ನೀನೂ ಅರ್ಜಿ ಹಾಕ. ಇಬ್ಬರೂ ಹೊಂಟೀವಿ ಅಂದ್ರ ಅಪ್ಪ ಕಳಸ್ತಾನ," ಎಂದಳು ಶಶಿಕಲಾ.

"ನಾ ಏನ್ ಮಾಡ್ಲಿ ಅಲ್ಲಿಗೆ ಹೋಗಿ?"

"ಫಾರ್ಮ್ ನಾನ ತುಂಬತೀನಿ. ನೀ ಸಹಿ ಮಾಡು ಸಾಕು."

ಮಹಾದೇವಿ ಸಹಿ ಮಾಡಿದಳು. ಇಬ್ಬರೂ ಮುಂಜಾನೆಯ ಬಸ್ಸಿಗೆ ಹೋಗಿ ಪರೀಕ್ಷೆ ಬರೆದರು. ಒಂದೇ ಬುತ್ತಿಯ ರೊಟ್ಟಿ ತಿಂದು ಸಂಜೆಗೆ ಮರಳಿದರು. ಪ್ರಶ್ನೆಗಳು ಹೇಗಿದ್ದವು ಎಂದು ಶಶಿಕಲಾ ದಾರಿಯುದ್ದಕ್ಕೂ ಮಾತಾಡಿದಳು. ಮಹಾದೇವಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು.

ಜೂನಿನಲ್ಲಿ ಹಾಸ್ಟೆಲು ಮತ್ತೆ ತೆರೆಯಿತು. ಆ ಊರಿನ ಡಿಗ್ರಿ ಕಾಲೇಜು ಅದೇ ಆವರಣದಲ್ಲಿದ್ದುದರಿಂದ ಹುಡುಗಿಯರು ಹೆಸರು ಹಚ್ಚಲು ಬಂದಿದ್ದರು. ಒಂದು ಮಧ್ಯಾಹ್ನ ಶಶಿಕಲಾ ಗೇಟಿನ ಹತ್ತಿರ ನಿಂತಿದ್ದಾಗ ಟಪಾಲಿನ ಇಮಾಮಸಾಬ ಸೈಕಲ್ ನಿಲ್ಲಿಸಿ ಎರಡು ಲಕೋಟೆ ಕೊಟ್ಟ. ಅವನು ಇಲಾಖೆಯ ಕಾಯಂ ನೌಕರನಲ್ಲ, ಹಂಗಾಮಿ ಮನುಷ್ಯ. ಇಪ್ಪತ್ತು ವರ್ಷದಿಂದ ಅದೇ ಚೀಲ ಹೊರುತ್ತಿದ್ದ.

"ಇಬ್ಬರಿಗೂ ಬಂದಾವು ನೋಡವ್ವಾ. ಚಲೋ ಸುದ್ದಿ ಇರ್ಲಿ," ಎಂದು ಹರಸಿ ಹೋದ.

ಶಶಿಕಲಾ ಬಚ್ಚಲುಮನೆಯ ಹಿಂದೆ ಹೋಗಿ ತನ್ನ ಲಕೋಟೆ ಒಡೆದಳು. ಜಿಲ್ಲೆಯ ಪಟ್ಟಿಯಲ್ಲಿ ಅವಳದು ಎರಡನೆಯ ಹೆಸರು. ಮೊದಲನೆಯವರು ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸದಿದ್ದರೆ ಸೀಟು ನಿಮ್ಮದು ಎಂದು ಬರೆದಿತ್ತು. ಇನ್ನೊಂದು ಲಕೋಟೆಯನ್ನು ಅವಳು ಒಡೆಯಲಿಲ್ಲ. ಅದು ತನ್ನದಕ್ಕಿಂತ ದಪ್ಪಗಿತ್ತು; ಮೊದಲನೆಯ ಹೆಸರು ಯಾರದೆಂದು ತಿಳಿಯಲು ಅದನ್ನು ಒಡೆಯಬೇಕಾಗಿರಲಿಲ್ಲ.

ಅವಳಿಗೆ ಗೆಳತಿಯ ಮೇಲೆ ಸಿಟ್ಟು ಬರಲಿಲ್ಲ. 'ಅವಳಿಗೆ ಇದು ಬೇಕಾಗೇ ಇರಲಿಲ್ಲವಲ್ಲ' ಎಂದಷ್ಟೇ ಅನಿಸಿತು. ಅದು ನಿಜವೂ ಆಗಿತ್ತು. ಕೋಣೆಗೆ ಹೋಗಿ, ನಿನಗೆ ಬಂದಿದೆ, ಹೋಗುತ್ತೀಯಾ ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋಗುತ್ತೇನೆ ಎಂದುಬಿಟ್ಟರೆ? ಆ ಒಂದು ಅಂಜಿಕೆ ಅವಳ ಕಾಲು ಕಟ್ಟಿತು. ನೀರೊಲೆ ಉರಿಯುತ್ತಿತ್ತು. ಎರಡೂ ಲಕೋಟೆಗಳನ್ನು ಅದರೊಳಗೆ ಹಾಕಿದಳು. ಪೂರ್ತಿ ಸುಡುವ ತನಕ ಅಲ್ಲೇ ಕುಳಿತಳು.

"ಟಪಾಲು ಬಂತೇನ?" ಎಂದು ಅವಳು ಕೋಣೆಗೆ ಮರಳಿದಾಗ ಮಹಾದೇವಿ ಕೇಳಿದಳು.

"ಇಬ್ಬರಿಗೂ ಏನೂ ಇಲ್ಲ."

ಅವಳ ಮುಖ ನೋಡಿ ಮಹಾದೇವಿ ಹತ್ತಿರ ಬಂದು ಕೂತಳು. "ಬಿಡು ಶಶಿ. ಇಲ್ಲೇ ಕೂಡಿ ಓದೂಣು. ಇಲ್ಲೇನು ಕಡಿಮಿ ಐತಿ?" ಎಂದು ಸಮಾಧಾನ ಮಾಡಿದಳು. ಮರುದಿನ ತಾನೇ ಸಾಲಿನಲ್ಲಿ ನಿಂತು ಇಬ್ಬರ ಅರ್ಜಿಯನ್ನೂ ಕೊಟ್ಟು ಬಂದಳು.

ಹತ್ತು ದಿನ ಬಿಟ್ಟು ತರಗತಿಗಳು ಶುರುವಾದವು. ಇಬ್ಬರೂ ಎರಡನೆಯ ಬೆಂಚಿನಲ್ಲಿ ಪಕ್ಕಪಕ್ಕ ಕುಳಿತರು. ಹೀಗೆ ಇಪ್ಪತ್ತೆರಡು ದಿನ ಕಳೆಯಿತು. ಮಧ್ಯಾಹ್ನ ಟಪಾಲಿನ ಹೊತ್ತಾದರೆ ಶಶಿಕಲಾಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹದಿನೈದು ದಿನದ ಗಡುವು ಮುಗಿದ ಮೇಲೂ ಪತ್ರ ಬರಲಿಲ್ಲ. ಅವಳಿಗೆ ಅನ್ನ ಸೇರದಾಯಿತು. ಜ್ವರವೇನೋ ಎಂದು ಮಹಾದೇವಿ ಗಂಜಿ ಮಾಡಿಸಿ ತಂದುಕೊಟ್ಟಳು. ಅವಳು ಅದನ್ನೂ ಕುಡಿದಳು.

ಕೊನೆಗೆ, ಸೀಟು ನಿಮ್ಮದು ಎಂದು ಪತ್ರ ಬಂತು. ಆ ಶನಿವಾರ ಮಹಾದೇವಿ ಊರಿಗೆ ಹೋಗಿದ್ದಳು. ಶಶಿಕಲಾ ಟ್ರಂಕಿನಿಂದ ತನ್ನ ಬಟ್ಟೆ ಬೇರೆ ಮಾಡಿಕೊಂಡಳು. ವಾರ್ಡನ್ನಿಗೆ ಹೇಳಿದಳು, ಗೆಳತಿಗೆ ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಭಾನುವಾರ ಬೆಳಿಗ್ಗೆ ಹೊರಟುಹೋದಳು.

ಕಾಲೇಜು ಹೆಸರಿಗೆ ತಕ್ಕಂತೆಯೇ ಇತ್ತು. ಪಾಠ ಚೆನ್ನಾಗಿತ್ತು, ಪುಸ್ತಕಗಳಿದ್ದವು, ಗುರುಗಳು ತಿಳಿದವರು. ಆದರೆ ಜವಾನ ಚೀಟಿ ಹಿಡಿದು ತರಗತಿಗೆ ಬಂದಾಗಲೆಲ್ಲ ಶಶಿಕಲಾ ಪೆನ್ನಿನ ಮುಚ್ಚಳ ಹಾಕಿ ಏಳಲು ಸಿದ್ಧಳಾಗುತ್ತಿದ್ದಳು. ಚೀಟಿ ಬೇರೆ ಯಾರಿಗೋ ಇರುತ್ತಿತ್ತು. ಮೂರು ವರ್ಷವೂ ಹೀಗೇ ನಡೆಯಿತು. ಮೊದಲ ವರ್ಷ ಮಹಾದೇವಿಯಿಂದ ನಾಲ್ಕು ಪತ್ರ ಬಂದವು. ಯಾವುದಕ್ಕೂ ಉತ್ತರ ಬರೆಯಲಿಲ್ಲ. ಐದನೆಯದು ಬರಲಿಲ್ಲ.

ಓದು ಮುಗಿಯುವ ಮೊದಲೇ ಒಂದು ಹಣಕಾಸು ಕಂಪನಿ ಅವಳನ್ನು ಆರಿಸಿಕೊಂಡಿತು. ಸಾಲ ಕೇಳಿ ಬರುವವರ ಕಾಗದಪತ್ರ ಪರಿಶೀಲಿಸುವ ಕೆಲಸ. ಅದರಲ್ಲಿ ಅವಳಿಗೆ ಬಹಳ ಹೆಸರು ಬಂತು. ಸುಳ್ಳು ದಾಖಲೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಪಕ್ಕಕ್ಕಿಡುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ಕೈಕೆಳಗಿನವರು ಕೇಳಿದರೆ ನಗುತ್ತಿದ್ದಳು. ಮೇಲೆ ಮೇಲೆ ಹೋಗಿ ಒಂದು ದೊಡ್ಡ ವಿಭಾಗದ ಮುಖ್ಯಸ್ಥೆಯಾದಳು. ಮದುವೆಯಾಯಿತು, ಮಗಳು ಹುಟ್ಟಿದಳು. ಯಾವ ಕುರ್ಚಿಯಲ್ಲಿ ಕೂತರೂ ಅದು ಇನ್ನೊಬ್ಬರದು ಎನಿಸುವುದು ಮಾತ್ರ ನಿಲ್ಲಲಿಲ್ಲ. ಗಂಡನಿಗೂ ಅದನ್ನು ಹೇಳಲಿಲ್ಲ. ಆ ತಾಲೂಕು ಪಟ್ಟಣದ ಕಡೆ ಅವಳು ತಲೆಯನ್ನೇ ಹಾಕಲಿಲ್ಲ.

ಇಪ್ಪತ್ತಾರು ವರ್ಷವಾಯಿತು. ಮಗಳು ಕಾಲೇಜು ಆರಿಸಿಕೊಳ್ಳುವ ವಯಸ್ಸಿಗೆ ಬಂದಳು. ಅವಳಿಗೂ ತಾಯಿಯ ದಾರಿಯೇ ಬೇಕಿತ್ತು. ಅವಳು ಬಯಸಿದ ಕಾಲೇಜಿನವರು ಅರ್ಜಿಯ ಜೊತೆ ಒಂದು ಬರಹ ಕೇಳಿದ್ದರು. ನಿಮ್ಮ ಮನೆಯಲ್ಲಿ ಓದಿ ಮುಂದೆ ಬಂದವರೊಬ್ಬರ ಬಗ್ಗೆ ಬರೆಯಿರಿ ಎಂದು.

"ಅಮ್ಮಾ, ನಿನ್ನ ಬಗ್ಗೇನೇ ಬರೀತೀನಿ. ನೀನು ನಿನ್ನ ಕಾಲೇಜನ್ನ ಹೇಗೆ ಆರಿಸಿಕೊಂಡೆ?"

ಶಶಿಕಲಾ ಬ್ಯಾಂಕಿಗೆ ಬಂದ ಹೆಂಗಸಿನ ವಿಷಯ ಹೇಳಿದಳು. ಅಂಗೈ ಮೇಲೆ ಹೆಸರು ಬರೆದುಕೊಂಡದ್ದು ಹೇಳಿದಳು.

"ಆಮೇಲೆ?"

"ಪರೀಕ್ಷೆ ಬರೆದೆ. ಸೀಟು ಬಂತು."

ಮಗಳು ಬರೆದು ಮುಗಿಸಿ ಓದಿ ತೋರಿಸಿದಳು. ನನ್ನ ತಾಯಿ ಯಾರ ಹಂಗೂ ಇಲ್ಲದೆ ಸ್ವಂತ ಬಲದಿಂದ ಆ ಸೀಟು ಗಳಿಸಿದಳು ಎಂದಿತ್ತು. ಶಶಿಕಲಾ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಅವಳಿಗೆ ಕೆಲಸವೇನೂ ಇರಲಿಲ್ಲ. ನಾಲ್ಕು ದಿನ ತಡೆದಳು. ಐದನೆಯ ದಿನ ರಜೆ ಹಾಕಿ ಆ ಪಟ್ಟಣದ ಬಸ್ಸು ಹತ್ತಿದಳು.

ಮಹಾದೇವಿ ಅದೇ ಕಾಲೇಜಿನಲ್ಲಿ ಓದಿ ಅಲ್ಲೇ ವಾಣಿಜ್ಯದ ಉಪನ್ಯಾಸಕಿಯಾಗಿದ್ದಳು. ಮನೆ ಕಾಲೇಜಿನ ಹಿಂದಿನ ಓಣಿಯಲ್ಲಿ. ಬಾಗಿಲು ತೆಗೆದವಳು ಒಂದು ಗಳಿಗೆ ನೋಡಿ ಕೂಗಿಕೊಂಡಳು.

"ಶಶೀ! ಬಾರವ್ವ, ಒಳಗ ಬಾ. ದಾರಿ ನೆನಪಾತೇನ ನಿನಗ?"

ಕೂರಿಸಿದಳು, ಚಹಾ ಮಾಡಿ ತಂದಳು, ಚುರಮುರಿ ಹಚ್ಚಿಕೊಟ್ಟಳು. ಗಂಡನನ್ನು ಕರೆದು, "ಇಕಿನ ನೋಡ್ರಿ ನಾ ಹೇಳ್ತಿದ್ದ ಶಶಿ," ಎಂದು ತೋರಿಸಿದಳು. ಪತ್ರಿಕೆಯಲ್ಲಿ ಶಶಿಕಲಾಳ ಬಗ್ಗೆ ಬಂದ ಸುದ್ದಿಯನ್ನು ಪ್ರತಿವರ್ಷ ಹೊಸ ಹುಡುಗಿಯರಿಗೆ ಓದಿ ಹೇಳುತ್ತಾಳಂತೆ. ಆ ಬೆಂಚಿನಲ್ಲಿ ಕೂತವಳು ಈಗ ಎಲ್ಲಿದ್ದಾಳೆ ನೋಡಿರಿ ಎನ್ನುತ್ತಾಳಂತೆ. ಗಂಡ ಎರಡು ಮಾತಾಡಿ ಒಳಗೆ ಹೋದ.

ಶಶಿಕಲಾ ಚಹಾದ ಲೋಟ ಕೆಳಗಿಟ್ಟಳು.

"ಮಾದೇವಿ, ಆ ಸೀಟು ನಿನ್ನದು. ನಿನ್ನ ಪತ್ರ ನನ್ನ ಕೈಗೆ ಬಂದಿತ್ತು. ನಾನ ಸುಟ್ಟೆ."

ಮಹಾದೇವಿ ಅವಳನ್ನೇ ನೋಡುತ್ತ ಕುಳಿತಳು. ಹೊರಗೆ ಯಾರೋ ಹಾಲಿನವರು ಕೂಗಿ, ಉತ್ತರ ಬಾರದೆ ಮುಂದೆ ಹೋದರು.

"ನನಗ ಇನ್ನೊಂದು ಪತ್ರ ಬಂದಿತ್ತು," ಎಂದಳು ಕೊನೆಗೆ. "ಮನಿಗೆ. ರಿಜಿಸ್ಟರ್ ಟಪಾಲು. ಮೊದಲನೇ ಪತ್ರಕ್ಕ ಉತ್ತರಾ ಬಂದಿಲ್ಲ, ಬರ್ತೀರೋ ಇಲ್ಲೋ ತಿಳಸ್ರಿ ಅಂತ. ನಾ ಬರೂದಿಲ್ಲ, ನನ್ನ ಗೆಳತಿಗೆ ಕೊಡ್ರಿ ಅಂತ ಬರದು ಕಳಿಸಿದೆ."

ಶಶಿಕಲಾಳಿಗೆ ಆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬ್ಯಾಡ ಅಂತಿ ಅನಕೊಂಡೆ. ನನ್ನ ಸೀಟು ನೀ ತಗೋತಿದ್ದಿಲ್ಲ ಅಂತ ತಿಳದಿದ್ದೆ."

ಶಶಿಕಲಾ ತಲೆ ತಗ್ಗಿಸಿದಳು. ಮಹಾದೇವಿಯ ದನಿ ಏರಲಿಲ್ಲ, ಇಳಿಯಲಿಲ್ಲ.

"ಒಂದ ಮಾತು ಕೇಳ್ತೀನಿ. ಆ ಇಪ್ಪತ್ತೆರಡು ದಿನ ನನ್ನ ಬಾಜೂಕ ಕುಂತಿದ್ದೆಲ್ಲ, ಏನ್ ವಿಚಾರ ಮಾಡ್ತಿದ್ದಿ?"

ಸುಳ್ಳು ಹೇಳಬಹುದಾಗಿತ್ತು. ಅವಳು ಹೇಳಲಿಲ್ಲ.

"ಟಪಾಲಿನ ದಾರಿ ನೋಡ್ತಿದ್ದೆ."

"ಕಡೀ ಒಂದು ವಾರ ನಾನೂ ಅದನ್ನ ನೋಡ್ತಿದ್ದೆ," ಎಂದಳು ಮಹಾದೇವಿ. "ನಿನ್ನ ಪತ್ರ ಬರ್ಲಿ, ನಿನ್ನ ಮುಖ ಹೆಂಗಾಗ್ತದ ನೋಡೂಣು ಅಂತ."

ಕ್ಷಮಿಸು ಎನ್ನಬೇಕೆಂದು ಶಶಿಕಲಾ ಬಾಯಿ ತೆರೆದಾಗ ಮಹಾದೇವಿ ಕೈ ಅಡ್ಡ ಮಾಡಿದಳು.

"ನನ್ನ ಕಡೆ ಏನೂ ಕೇಳಬ್ಯಾಡ. ನಂದೇನೂ ಹೋಗಿಲ್ಲ. ಇಮಾಮಸಾಬರ ನೆನಪದೇನ ನಿನಗ?"

ನೆನಪಿದೆ ಎಂದು ಶಶಿಕಲಾ ತಲೆಯಾಡಿಸಿದಳು.

"ನೀ ಹೋದ ಮ್ಯಾಲ, ಮೊದಲನೇ ಪತ್ರ ಎಲ್ಲಿ ಹೋತು ಅಂತ ನಮ್ಮಪ್ಪ ಪೋಸ್ಟ್ ಆಫೀಸಿಗೆ ತಕರಾರು ಕೊಟ್ಟ. ಅವರನ್ನ ಕರದು ಕೇಳಿದ್ರು. 'ನಾ ನನ್ನ ಕೈಯಿಂದ ಆ ಹುಡಿಗಿ ಕೈಯಾಗ ಕೊಟ್ಟೀನಿ, ಎರಡು ಕೊಟ್ಟೀನಿ' ಅಂತ ಹೇಳಿದ್ರು. ಯಾವ ಹುಡಿಗಿ ಅಂದ್ರ ನಿನ್ನ ಹೆಸರು ಹೇಳಿದ್ರು. ನನ್ನ ಕೇಳಿದ್ರು. ನನ್ನ ಗೆಳತಿ ಅಂಥಾಕಿ ಅಲ್ಲ, ಇವರ ಸುಳ್ಳ ಹೇಳ್ತಾರ ಅಂದೆ. ಎಲ್ಲಾರ ಮುಂದ ಅಂದೆ, ಶಶಿ. ಅವರ ಚೀಲ ಕಸಗೊಂಡು ಕಳಿಸಿದ್ರು."

"ಈಗ ಎಲ್ಲಿದ್ದಾರ?"

"ಆರು ವರ್ಷ ಬದುಕಿದ್ರು. ಸಂತಿಯೊಳಗ ಚೀಲಾ ಹೊಲೀತಿದ್ರು. ದಾರಿಯಾಗ ಸಿಕ್ರ ನಾನ ಮುಖ ತಿರುವಿ ಹೋಗ್ತಿದ್ದೆ. ಸುಳ್ಳ ಹೇಳಿದ ಮನಷ್ಯಾ ಅಂತ."

ಇಷ್ಟು ಹೇಳಿ ಮಹಾದೇವಿ ಎದ್ದು ಒಳಗೆ ಹೋದಳು. ಶಶಿಕಲಾ ಕಾದಳು. ಚಹಾ ಆರಿ ಮೇಲೆ ಕೆನೆ ಕಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಗಂಡ ಬಂದು, "ಅಕಿಗೆ ತಲಿ ನೋಯಾಕತ್ತೈತ್ರಿ. ಮಕ್ಕೊಂಡಾಳ. ನಾಕೂವರಿಗೆ ನಿಮಗ ಬಸ್ಸದ," ಎಂದ. ಏನು ನಡೆಯಿತೆಂದು ಅವನಿಗೆ ಗೊತ್ತಿರಲಿಲ್ಲ. ಬಸ್ ನಿಲ್ದಾಣದವರೆಗೆ ಬಿಟ್ಟು ಬರಲೇ ಎಂದೂ ಕೇಳಿದ. ಅವಳು ಬೇಡವೆಂದಳು.

ದಾರಿಯಲ್ಲಿ ಇಮಾಮಸಾಬನ ಮನೆ ವಿಚಾರಿಸಿದಳು. ಮನೆ ಬೇರೆಯವರದಾಗಿತ್ತು. ಮಕ್ಕಳು ಯಾವ ಊರಿಗೆ ಹೋದರೆಂದು ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಗೋರಿ ಎಲ್ಲಿದೆ ಎಂದು ಕೇಳಿದಳು. ಒಬ್ಬ ಮುದುಕ ಖಬರಸ್ತಾನದ ಕಡೆ ಕೈ ತೋರಿಸಿ, ಕಲ್ಲು ನೆಟ್ಟಿಲ್ಲ, ಹುಡುಕಿದರೆ ಸಿಗುವುದಿಲ್ಲ ಎಂದ. ಆದರೂ ಹೋದಳು. ಮಣ್ಣಿನ ದಿಬ್ಬಗಳ ನಡುವೆ ನಿಂತು, ಯಾವುದರ ಮುಂದೆ ಕೈ ಮುಗಿಯಬೇಕೆಂದು ತಿಳಿಯದೆ ಹಿಂತಿರುಗಿದಳು.

ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಮಗಳು ಅತ್ತಳು. ತಾಯಿಯ ಕೈ ಹಿಡಿದುಕೊಂಡಳು. ಆಗ ನೀನೂ ಚಿಕ್ಕವಳು ಎಂದು ಸಮಾಧಾನವನ್ನೂ ಹೇಳಿದಳು.

"ಆ ಬರಹವನ್ನ ತಿದ್ದು," ಎಂದಳು ಶಶಿಕಲಾ.

ಮಗಳು ಕೈ ಬಿಟ್ಟಳು. "ಅಮ್ಮಾ, ನಾಳೆಯೇ ಕೊನೇ ದಿನ. ಇದನ್ನೆಲ್ಲ ಬರೆದರೆ ನನಗೆ ಸೀಟು ಕೊಡ್ತಾರಾ?"

ಅರ್ಜಿ ಇದ್ದ ಹಾಗೆಯೇ ಹೋಯಿತು. ಆ ಬರಹ ತುಂಬ ಚೆನ್ನಾಗಿದೆ ಎಂದು ಕಾಲೇಜಿನವರು ಹೊಗಳಿ ಬರೆದರು. ಸೀಟು ಬಂತು. ಮಗಳನ್ನು ಸೇರಿಸಲು ಶಶಿಕಲಾಳೇ ಹೋದಳು. ಒಪ್ಪಿಗೆಯ ಕಾಗದದಲ್ಲಿ ಪಾಲಕರ ಸಹಿ ಬೇಕಿತ್ತು. ಅವಳು ಸಹಿ ಹಾಕಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಹಾಗಾದರೆ ದೊಡ್ಡ ಕಾಲೇಜಿಗೆ ಹೋಗಬಾರದೇ, ಗುರುಗಳೇ?"

"ಸೀಟು ಹೇಗೆ ಸಿಕ್ಕಿತೆಂದು ನಿನ್ನ ಗೆಳತಿಯ ಎದುರು ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲೆಯಾದರೆ, ಯಾವ ಕಾಲೇಜಿಗಾದರೂ ಹೋಗಮ್ಮ," ಎಂದರು ಗುರುಗಳು.